ಹಾಜರಿ ಪುಸ್ತಕದ ಅಡ್ಡಗೆರೆ



ಮನುಷ್ಯರ ಮಾರಾಟವೆಂದರೆ ದೂರದ ಮಹಾನಗರಗಳ ಸುದ್ದಿಯೆಂದು ಭಾವಿಸುತ್ತೇವೆ. ನಮ್ಮ ಗೌರಿಬಿದನೂರು ಸೀಮೆಯಲ್ಲಿ ಅದಕ್ಕೆ ಹಳೆಯ ಹೆಸರೊಂದಿತ್ತು: ಜೀತ. ಮದುವೆಗೋ ಔಷಧಕ್ಕೋ ತಂದೆ ಪಡೆದ ಸಾಲಕ್ಕಾಗಿ ಮಗ ಒಡೆಯನ ದನ ಕಾಯುತ್ತಿದ್ದ. ಹುಡುಗ ಬೆಳೆಯುತ್ತಿದ್ದ, ಬಡ್ಡಿಯೂ ಬೆಳೆಯುತ್ತಿತ್ತು.

ಸಂವಿಧಾನದ 23ನೆಯ ವಿಧಿ ಮನುಷ್ಯರ ಮಾರಾಟವನ್ನೂ ಬಿಟ್ಟಿ ದುಡಿಮೆಯನ್ನೂ ಒಟ್ಟಿಗೇ ನಿಷೇಧಿಸಿತು. ಆದರೂ ಜೀತದ ಸಾಲಗಳು ರದ್ದಾಗಲು 1975ರ ಅಕ್ಟೋಬರಿನ ಸುಗ್ರೀವಾಜ್ಞೆ, 1976ರ ಕಾಯಿದೆ ಬರಬೇಕಾಯಿತು. ಬಳಿಕ ಜೀತ ವೇಷ ಬದಲಿಸಿತು. ಕರ್ನಾಟಕದ ರೇಷ್ಮೆ ಉದ್ಯಮದಲ್ಲಿ ‘ಮುಂಗಡ’ಕ್ಕೆ ಕಟ್ಟುಬಿದ್ದ ಮಕ್ಕಳ ಕುರಿತು ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ವರದಿಯನ್ನೇ ಪ್ರಕಟಿಸಿತು.

ಅಂತಹ ಒಬ್ಬನನ್ನು ನಾನೂ ಕಂಡೆ. ನನ್ನ ತರಗತಿಯ ಹುಡುಗ ಬೇಸಿಗೆ ರಜೆಯ ನಂತರ ಮರಳಲಿಲ್ಲ. ಸೋದರಮಾವನ ಊರಿಗೆ ಹೋದನೆಂದರು. ಅವನ ಹೆಸರಿಗೆ ಅಡ್ಡಗೆರೆ ಎಳೆದು ಸುಮ್ಮನಾದೆ. ಎರಡು ವರ್ಷಗಳ ಬಳಿಕ ಸಂತೆಯಲ್ಲಿ ಸಿಕ್ಕಾಗ, ರೇಷ್ಮೆಗೂಡಿನ ಬಿಸಿನೀರಿನಲ್ಲಿ ಅವನ ಬೆರಳುಗಳು ಬೆಂದಿದ್ದವು. ಮುಂಗಡ ಎಷ್ಟು ಉಳಿದಿದೆಯೆಂದು ಕೇಳಿದೆ. “ಗೊತ್ತಿಲ್ಲ ಸಾರ್, ಅವರ ಪುಸ್ತಕದಲ್ಲಿದೆ” ಎಂದ.

ಆ ಉತ್ತರವೇ ಜೀತದ ಗುರುತು. ಲೆಕ್ಕ ಒಡೆಯನ ಬಳಿ ಮಾತ್ರವಿರುವುದು, ಬೇರೆಡೆ ದುಡಿಯಲು ಬಿಡದಿರುವುದು, ಶಾಲೆ ಬಿಟ್ಟ ಮಗು ಎಲ್ಲಿದೆಯೆಂದು ಹೆತ್ತವರು ಹೇಳಲು ಹಿಂಜರಿಯುವುದು: ಇವು ಕಂಡರೆ ತಹಶೀಲ್ದಾರರಿಗೆ ತಿಳಿಸಿ, ಮಗುವಾದರೆ 1098ಕ್ಕೆ ಕರೆ ಮಾಡಿ. ಅದು ಜೀತದ ಸಾಲವಲ್ಲವೆಂದು ರುಜುವಾತುಪಡಿಸುವ ಹೊಣೆ ಕಾಯಿದೆಯಂತೆ ಸಾಲ ಕೊಟ್ಟವನದು.

ನಿಮ್ಮಲ್ಲಿ ಹಲವರು ಇಂದು ಉಪಾಧ್ಯಾಯರು. ಅಡ್ಡಗೆರೆ ಎಳೆಯುವ ಮುನ್ನ, ನಾನು ಹೋಗದ ಆ ಮನೆಯವರೆಗೆ ಒಮ್ಮೆ ಹೋಗಿ ಬನ್ನಿ.