ಕ್ಲಚ್ಚೂ ಕಲ್ನಾರೂ

ನಮ್ಮ ಎತ್ತಿನ ಗಾಡಿಯ ಅಂಗಾಂಗಗಳಿಗೆಲ್ಲ ಕನ್ನಡದಲ್ಲಿ ಹೆಸರುಂಟು: ಅಚ್ಚು, ಗುಂಬ, ಅರೆಕಾಲು, ಮೂಕಿ, ಕಡಾಣಿ. ಮೋಟಾರು ಕಾರಿನ ಕ್ಲಚ್ಚಿಗೆ ಮಾತ್ರ ನಾವು ಬೇರೆ ಹೆಸರಿಡುವ ಗೋಜಿಗೆ ಹೋಗಲಿಲ್ಲ. ಆದರೆ ಆ ಕ್ಲಚ್ಚಿನ ತಟ್ಟೆಯಲ್ಲಿ ಬಹುಕಾಲ ಸೇರಿಕೊಂಡಿದ್ದ ಒಂದು ವಸ್ತುವಿಗೆ ಅಚ್ಚಗನ್ನಡದ ಹೆಸರಿದೆ. ಅದೇ ಕಲ್ನಾರು. ಇಂಗ್ಲಿಷಿನವರು ಆಸ್‌ಬೆಸ್ಟಾಸ್ ಎನ್ನುವ ಈ ವಸ್ತು ಕಲ್ಲೂ ಹೌದು, ನಾರೂ ಹೌದು. ಮನೆಯಲ್ಲಿಯೇ ಕಾರಿನ ಕ್ಲಚ್ಚು ಬದಲಿಸುವವರು ಇದರ ಚರಿತ್ರೆಯನ್ನು ಅಗತ್ಯವಾಗಿ ತಿಳಿದಿರಬೇಕು.

ಎತ್ತಿಗೆ ಕ್ಲಚ್ಚು ಬೇಕಿಲ್ಲ. ಅದು ನಿಂತಲ್ಲಿಂದಲೇ ಮೆಲ್ಲಗೆ ಭಾರವನ್ನೆಳೆಯಬಲ್ಲುದು. ಎಂಜಿನ್ನಿಗೆ ಆ ಗುಣವಿಲ್ಲ. ತಾನು ತಿರುಗುತ್ತಿದ್ದರೆ ಮಾತ್ರ ಅದಕ್ಕೆ ಬಲ. ಆದುದರಿಂದ ತಿರುಗುವ ಎಂಜಿನ್ನನ್ನೂ ನಿಂತ ಚಕ್ರವನ್ನೂ ನಯವಾಗಿ ಕೂಡಿಸುವ, ಬೇಕಾದಾಗ ಅಗಲಿಸುವ ಒಂದು ಸಾಧನ ಬೇಕಾಯಿತು. 1886 ರಲ್ಲಿ ಜರ್ಮನಿಯ ಕಾರ್ಲ್ ಬೆಂಜ್ ತನ್ನ ಗಾಡಿಗೆ ಪೇಟೆಂಟು ಪಡೆದಾಗ ಈ ಕೆಲಸವನ್ನು ಚರ್ಮದ ಪಟ್ಟಿಯೊಂದು ಮಾಡುತ್ತಿತ್ತು. ಅನಂತರದ ಕಾರುಗಳಿಗೆ ಚರ್ಮ ಹೊದಿಸಿದ ಶಂಕುವಿನಾಕಾರದ ಕ್ಲಚ್ಚು ಬಂದಿತು. ಆ ಚರ್ಮ ಬಿರುಸಾಗದಿರಲೆಂದು ಹರಳೆಣ್ಣೆ ಸವರುತ್ತಿದ್ದರು. ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕಿ ಬಲ್ಲ ನಮ್ಮ ರೈತನಿಗೆ ಇದರಲ್ಲಿ ಆಶ್ಚರ್ಯಪಡುವಂಥದು ಏನೂ ಇಲ್ಲ.

ಆದರೆ ಕಾರುಗಳ ಬಲ ಹೆಚ್ಚಿದಂತೆ ಚರ್ಮ ಸುಟ್ಟುಹೋಗತೊಡಗಿತು. ಇಂಗ್ಲೆಂಡಿನಲ್ಲಿ 1897 ರಲ್ಲಿ ಉಜ್ಜುಪಟ್ಟಿಗಳ ಉದ್ಯಮವನ್ನಾರಂಭಿಸಿದ ಹರ್ಬರ್ಟ್ ಫ್ರೂಡ್ ಎಂಬಾತನು ಮುಂದೆ ಅವುಗಳಿಗೆ ಕಲ್ನಾರನ್ನು ಬಳಸಿದನು. ಕಲ್ನಾರು ಬೆಂಕಿಗೆ ಬೆದರದು, ಬೇಗ ಸವೆಯದು. ಬ್ರೇಕಿಗೂ ಕ್ಲಚ್ಚಿಗೂ ಇದಕ್ಕಿಂತ ಒಳ್ಳೆಯದು ಇನ್ನಾವುದು? ಹಾಗೆಂದೇ ಜಗತ್ತು ಬಹುಕಾಲ ನಂಬಿತು.

ಈಗ ನಮ್ಮ ಸೀಮೆಗೆ ಬರೋಣ. ಹಾಸನದ ಆಲೂಗೆಡ್ಡೆ, ಅರಕಲಗೂಡಿನ ಹೊಗೆಸೊಪ್ಪು, ಚನ್ನರಾಯಪಟ್ಟಣದ ತೆಂಗಿನಕಾಯಿ ಎಲ್ಲವೂ ಕಾಲಕ್ರಮದಲ್ಲಿ ಎತ್ತಿನ ಗಾಡಿಯಿಂದಿಳಿದು ಮೋಟಾರು ಏರಿದವು. ಹಾಸನದಿಂದ ಸಕಲೇಶಪುರವನ್ನು ದಾಟಿ ಶಿರಾಡಿ ಘಾಟಿಯಲ್ಲಿ ಭಾರ ಹೊತ್ತು ಏರಿಳಿಯುವ ವಾಹನದ ಕ್ಲಚ್ಚು ಬಯಲಿನಲ್ಲಿ ಓಡುವ ವಾಹನದ ಕ್ಲಚ್ಚಿಗಿಂತ ಬೇಗ ಸವೆಯುವುದು ಸಹಜ. ಗಾಡಿಯ ಕೊಟ್ಟಿಗೆ ಕಾರಿನ ಕೊಟ್ಟಿಗೆಯಾಯಿತು. ಕಡಾಣಿ ಕಿತ್ತು ಚಕ್ರ ಕಳಚುತ್ತಿದ್ದ ಕೈಗಳು ಸ್ಪ್ಯಾನರು ಹಿಡಿದವು. 1950ರ ದಶಕದ ಕೊನೆಯಲ್ಲಿ ಬಂಗಾಳದ ಉತ್ತರಪಾರಾದಿಂದ ಹೊರಟು 2014 ರಲ್ಲಿ ತಯಾರಿಕೆ ನಿಂತ ಅಂಬಾಸಡರ್ ಕಾರು ಇಂಥ ಕೈಗಳಿಗೆ ಒಳ್ಳೆಯ ಪಾಠಶಾಲೆಯಾಗಿತ್ತು.

ಕೆಲಸದ ಕ್ರಮವಿಷ್ಟು. ಬ್ಯಾಟರಿಯ ತಂತಿಯನ್ನು ಬಿಡಿಸಿ, ನೆಲದ ಮೇಲುಳಿಯುವ ಚಕ್ರಗಳಿಗೆ ಅಡ್ಡೆ ಕೊಟ್ಟು, ಕಾರನ್ನೆತ್ತಿ ಗಟ್ಟಿಯಾದ ಆಧಾರದ ಮೇಲೆ ನಿಲ್ಲಿಸಬೇಕು. ಬರಿಯ ಜಾಕನ್ನು ನಂಬಿ ಅಡಿಗೆ ನುಸುಳುವುದು ಪ್ರಾಣಕ್ಕೆ ಅಪಾಯ. ಹಿಂದಿನ ಚಕ್ರಗಳಿಗೆ ಬಲ ಕೊಡುವ ಹಳೆಯ ಕಾರುಗಳಲ್ಲಿ ಮೊದಲು ಉದ್ದನೆಯ ಪ್ರೊಪೆಲ್ಲರ್ ಶಾಫ್ಟನ್ನು ಬಿಚ್ಚುತ್ತಾರೆ. 1983 ರಲ್ಲಿ ಬಂದ ಮಾರುತಿ 800 ರಂಥ ಮುಂಚಕ್ರದ ಕಾರುಗಳಲ್ಲಿ ಎರಡು ಪಕ್ಕದ ಶಾಫ್ಟುಗಳನ್ನು ಎಳೆಯಬೇಕಾಗುತ್ತದೆ. ಅನಂತರ ಗೇರುಪೆಟ್ಟಿಗೆ ಕೆಳಗಿಳಿಯುತ್ತದೆ. ಒತ್ತುತಟ್ಟೆಯ ಬೋಲ್ಟುಗಳನ್ನು ಒಂದೊಂದಾಗಿ ಪೂರ್ತಿ ಬಿಚ್ಚದೆ, ಎದುರುಬದುರಿನವನ್ನು ಸರದಿಯಂತೆ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಇಲ್ಲವಾದರೆ ಸ್ಪ್ರಿಂಗಿನ ಒತ್ತಡಕ್ಕೆ ಅದರ ಹೊದಿಕೆ ಸೊಟ್ಟಗಾಗುತ್ತದೆ. ಹೊಸ ತಟ್ಟೆಯನ್ನು ಕೂಡಿಸುವಾಗ ಅದನ್ನು ನಟ್ಟನಡುವೆ ನಿಲ್ಲಿಸಬೇಕು. ಅದಕ್ಕೆ ಹಳೆಯ ಗೇರುಪೆಟ್ಟಿಗೆಯ ಶಾಫ್ಟಿನ ತುಂಡೊಂದಿದ್ದರೆ ಸಾಕು. ನಡು ತಪ್ಪಿದರೆ ಗೇರುಪೆಟ್ಟಿಗೆ ಎಷ್ಟು ತಳ್ಳಿದರೂ ಒಳಗೆ ಹೋಗದು.

ಇಷ್ಟೆಲ್ಲವೂ ಜಾಣ್ಮೆಯ ಮಾತು. ಗೇರುಪೆಟ್ಟಿಗೆ ಕೆಳಗಿಳಿದ ಗಳಿಗೆಯಲ್ಲಿ ನಡೆಯುವ ಇನ್ನೊಂದು ಕೆಲಸವೇ ನಾನು ಹೇಳಬೇಕಾದದ್ದು. ಗಂಟೆಯಾಕಾರದ ಚಿಪ್ಪಿನೊಳಗೆ ಸವೆದ ತಟ್ಟೆಯ ಕರಿದೂಳು ತುಂಬಿರುತ್ತದೆ. ಅದನ್ನು ಬಾಯಿಂದ ಊದಿಯೋ, ಗಾಳಿಯ ಪಂಪಿನಿಂದ ಹಾರಿಸಿಯೋ ಚೊಕ್ಕಟ ಮಾಡುವುದು ವಾಡಿಕೆ. ತಟ್ಟೆಯಲ್ಲಿ ಕಲ್ನಾರಿದ್ದರೆ ಹಾರುವ ದೂಳಿನಲ್ಲಿಯೂ ಕಣ್ಣಿಗೆ ಕಾಣದ ಅದರ ಎಳೆಗಳಿರುತ್ತವೆ. ಅವು ಪುಪ್ಪುಸದಲ್ಲಿ ನೆಟ್ಟು ಅಲ್ಲಿಯೇ ಉಳಿಯಬಲ್ಲವು. ಅವುಗಳಿಂದಾಗುವ ಕ್ಯಾನ್ಸರು ಹಲವು ವೇಳೆ ಇಪ್ಪತ್ತು, ಮೂವತ್ತು, ನಲವತ್ತು ವರ್ಷಗಳ ಮೇಲೆ ತಲೆಯೆತ್ತುತ್ತದೆ. ಅಷ್ಟು ಹೊತ್ತಿಗೆ ಅಂದಿನ ಕೊಟ್ಟಿಗೆಯೂ ಇಂದಿನ ರೋಗವೂ ಯಾರ ಮನಸ್ಸಿನಲ್ಲಿಯೂ ಒಂದಕ್ಕೊಂದು ಜೋಡಿಯಾಗುವುದಿಲ್ಲ. ಬೀಡಿ, ಸಿಗರೇಟು ಸೇದುವವರಲ್ಲಿ ಪುಪ್ಪುಸದ ಕ್ಯಾನ್ಸರಿನ ಅಪಾಯ ಇನ್ನೂ ಹೆಚ್ಚು.

ಬ್ರಿಟನ್ನಿನಲ್ಲಿ ಕಲ್ನಾರಿನ ಕಾರ್ಖಾನೆಗಳ ದೂಳಿಗೆ 1931 ರಲ್ಲಿಯೇ ನಿಯಮ ಬಂದಿತು. ಆದರೂ ಅಲ್ಲಿ ಅದರ ಬಳಕೆ ಪೂರ್ತಿ ನಿಷೇಧವಾದದ್ದು 1999 ರಲ್ಲಿ. ನಮ್ಮ ಸರ್ವೋಚ್ಚ ನ್ಯಾಯಾಲಯವು 1995 ರಲ್ಲಿ, ಕಲ್ನಾರಿನ ಕೆಲಸಗಾರರ ಆರೋಗ್ಯವು ಅವರ ಬದುಕುವ ಹಕ್ಕಿನ ಭಾಗವೆಂದು ತೀರ್ಪಿತ್ತಿತು. ಆ ತೀರ್ಪು ಕಾರ್ಖಾನೆ, ಗಣಿಗಳನ್ನು ಕುರಿತದ್ದು. ಮನೆಯ ಕೊಟ್ಟಿಗೆಯೊಳಕ್ಕೆ ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ. ಅಲ್ಲಿ ಎಚ್ಚರವೇ ಕಾನೂನು.

ಈ ಕಲ್ನಾರು ಎಲ್ಲಿಯೋ ದೂರದ ವಸ್ತುವೆಂದು ತಿಳಿಯಬೇಕಾಗಿಲ್ಲ. ಹೊಳೆನರಸೀಪುರದ ಸುತ್ತಣ ಪುರಾತನ ಶಿಲಾಪಟ್ಟಿಯಲ್ಲಿ ಇದು ಇದೆ. ಆ ಕಲ್ಲುಗಳ ವಯಸ್ಸು ಮುನ್ನೂರು ಕೋಟಿ ವರ್ಷಗಳನ್ನು ಮೀರಿದುದು. ನಮ್ಮ ಕಾರುಗಳ ತಟ್ಟೆಗೆ ಈ ನೆಲದ ನಾರೇ ಹೋಯಿತೆಂದು ನಾನು ಹೇಳುತ್ತಿಲ್ಲ. ಕಲ್ಲಿನಲ್ಲಿ ಸುಮ್ಮನಿರುವವರೆಗೆ ನಿರಪಾಯವಾದುದು ಪುಡಿಯಾಗಿ ಹಾರಿದಾಗ ವಿಷವಾಗುತ್ತದೆ ಎಂಬ ಮಾತು ಮಾತ್ರ ಎರಡು ಕಡೆಗೂ ಸಲ್ಲುತ್ತದೆ.

ಹಾಗೆಂದು ಸ್ಪ್ಯಾನರನ್ನು ಕೆಳಗಿಡಬೇಕೆಂದು ನನ್ನ ಅಭಿಪ್ರಾಯವಲ್ಲ. ಕೈ ಕೆಸರಾದರೆ ಬಾಯಿ ಮೊಸರೆಂಬುದು ಹಿರಿಯರ ಮಾತು. ಕೈ ಎಣ್ಣೆಯಾಗಲಿ, ಬಾಯಿಗೆ ದೂಳು ಹೋಗದಿರಲಿ. ಕೊಳ್ಳುವಾಗ ಕಲ್ನಾರಿಲ್ಲದ ತಟ್ಟೆಯನ್ನೇ ಕೇಳಿ ಕೊಳ್ಳಬೇಕು. ಹಳೆಯ ತಟ್ಟೆಯಲ್ಲಿ ಏನಿತ್ತೆಂದು ತಿಳಿಯದಿದ್ದರೆ ಕಲ್ನಾರಿತ್ತೆಂದೇ ಭಾವಿಸಬೇಕು. ದೂಳನ್ನು ಊದದೆ, ಗುಡಿಸದೆ, ಸಾಬೂನಿನ ನೀರನ್ನು ಮೆಲ್ಲಗೆ ಚಿಮುಕಿಸಿ ಒದ್ದೆ ಬಟ್ಟೆಯಿಂದ ಒರೆಸಬೇಕು. ಆ ಬಟ್ಟೆಯನ್ನು ಒಣಗಗೊಡದೆ ಚೀಲದಲ್ಲಿ ಕಟ್ಟಿಡಬೇಕು. ಮೂಗಿಗೆ ಸುತ್ತಿದ ಟವೆಲು ಈ ಎಳೆಗಳನ್ನು ತಡೆಯಲಾರದು. ಮಕ್ಕಳು ಹತ್ತಿರ ಸುಳಿಯಬಾರದು. ಕೆಲಸದ ಅಂಗಿಯನ್ನು ಮನೆಯವರ ಬಟ್ಟೆಗಳೊಡನೆ ಒಗೆಯಲು ಹಾಕಬಾರದು. ಒಂದು ಬೋಗುಣಿ ನೀರಿಗೆ ಖರ್ಚೇನೂ ಇಲ್ಲ.