ಗರಡಿ, ಕರೆ ಮತ್ತು ಓಟಗಾರನ ಹೆಸರು

ಬಾರ್ಕೂರಿಗೆ ಹೋದವರನ್ನು ಊರವರು ಮೊದಲು ಕಳುಹಿಸುವುದು ಕತ್ತಲೆ ಬಸದಿಗೆ. ಸೀತಾನದಿಯ ಬಳಿಯ ಈ ಊರು ಆಳುಪರ ರಾಜಧಾನಿಗಳಲ್ಲೊಂದು. ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯದ ಮುಖ್ಯ ಪಟ್ಟಣ. ಇಲ್ಲಿನ ಶಾಸನಗಳನ್ನು ಓದುತ್ತ ಹೋದರೆ ಅರಸರು, ಅಧಿಕಾರಿಗಳು, ಹತ್ತು ಕೇರಿಗಳ ಹಿರಿಯರು, ದೇವಸ್ಥಾನಕ್ಕೆ ದಾನ ಬಿಟ್ಟ ವರ್ತಕರು ಸಾಲಾಗಿ ಎದುರಾಗುತ್ತಾರೆ. ಸುತ್ತಲ ಗದ್ದೆಗಳಲ್ಲಿ ಎಲ್ಲರಿಗಿಂತ ವೇಗವಾಗಿ ಓಡಿದವನು ಯಾರು ಎಂದು ಕಲ್ಲಿನಲ್ಲಿ ಕೊರೆಸಲು ಮಾತ್ರ ಯಾರೂ ದುಡ್ಡು ಕೊಟ್ಟಂತೆ ಕಾಣುವುದಿಲ್ಲ.

ಆಟಗಾರರ ಹೆಸರನ್ನು ಉಳಿಸುವುದಕ್ಕೆಂದೇ ಮನೆ ಕಟ್ಟುವ ಪದ್ಧತಿ ಹೊಸದು. ಅಮೆರಿಕದ ಕೂಪರ್ಸ್‌ಟೌನ್ ಎಂಬ ಸಣ್ಣ ಊರಿನಲ್ಲಿ ಬೇಸ್‌ಬಾಲ್ ಆಟಗಾರರ ಕೀರ್ತಿ ಮಂದಿರ ತೆರೆದದ್ದು 1939ರಲ್ಲಿ. ಆ ಊರನ್ನು ಆರಿಸಿದ್ದಕ್ಕೆ ಕಾರಣ, ಡಬಲ್‌ಡೇ ಎಂಬಾತ 1839ರಲ್ಲಿ ಅಲ್ಲಿಯೇ ಆ ಆಟವನ್ನು ಕಂಡುಹಿಡಿದನೆಂಬ ಕಥೆ. ಇತಿಹಾಸಕಾರರು ಆ ಕಥೆಯನ್ನು ತಳ್ಳಿಹಾಕಿದ್ದಾರೆ. ಮಂದಿರ ಅಲ್ಲೇ ಇದೆ! ಕಥೆಯ ಮೇಲೆ ಮನೆ ಕಟ್ಟುವುದು ನಮ್ಮ ಕರಾವಳಿಗೂ ಹೊಸದಲ್ಲ.

ನಮ್ಮಲ್ಲಿ ಆ ಮನೆಯ ಹೆಸರು ಗರಡಿ. ಬಯಲುಸೀಮೆಯಲ್ಲಿ ಗರಡಿಯೆಂದರೆ ಪೈಲ್ವಾನರ ಅಖಾಡ. ತುಳುನಾಡಿನಲ್ಲಿ ಅದು ಕೋಟಿ-ಚೆನ್ನಯರೆಂಬ ಅವಳಿ ವೀರರಿಗೆ ಪೂಜೆ ನಡೆಯುವ ಗುಡಿ. ಮೈ ಪಳಗಿಸುವ ಜಾಗವೇ ಪಳಗಿದವರ ನೆನಪಿನ ಜಾಗವಾಯಿತು. ಒಳಗೆ ಅವರ ಮೂರ್ತಿಗಳು, ಆಯುಧಗಳು. ವಿವರಗಳನ್ನು ಬರೆದ ಫಲಕ ಬೇಕಿಲ್ಲ, ಪಾಡ್ದನವೇ ಆ ಕೆಲಸ ಮಾಡುತ್ತದೆ. ಕಾರ್ಕಳದಲ್ಲಿ ಇವರ ಹೆಸರಿನ ಥೀಮ್ ಪಾರ್ಕ್ ಕೂಡ ಆಗಿದೆ. ಆದರೂ ನೋಡಲೇಬೇಕಾದದ್ದು ಹಳೆಯ ಗರಡಿ ಎಂಬುದು ನನ್ನ ಅಭಿಪ್ರಾಯ.

ಗರಡಿಯಿಂದ ಕಂಬಳಕ್ಕೆ ಬನ್ನಿ. ಕೋಣಗಳು ಓಡುವ ಕೆಸರಿನ ಓಣಿಗೆ ಕರೆ ಎನ್ನುತ್ತಾರೆ. ಎರಡು ಕರೆಗಳಿದ್ದರೆ ಜೋಡುಕರೆ. ಮೂಡುಬಿದಿರೆಯ ಜೋಡುಕರೆಯ ಹೆಸರು ಕೋಟಿ-ಚೆನ್ನಯ, ಮಿಯ್ಯಾರಿನದು ಲವ-ಕುಶ, ಐಕಳದ್ದು ಕಾಂತಾಬಾರೆ-ಬೂದಾಬಾರೆ. ನೆಲದ ಮೇಲೆಯೇ ವೀರರ ಹೆಸರು ಬರೆದಂತಾಯಿತು. ಸ್ಪರ್ಧೆಯ ವಿಭಾಗಗಳು ಹಗ್ಗ, ನೇಗಿಲು, ಅಡ್ಡ ಹಲಗೆ, ಕನೆ ಹಲಗೆ. ಕೊನೆಯದರಲ್ಲಿ ವೇಗಕ್ಕಿಂತ ಎತ್ತರಕ್ಕೆ ಬೆಲೆ. ಹಲಗೆಯ ತೂತುಗಳಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ಬಟ್ಟೆಯ ನಿಶಾನೆಗೆ ತಾಗಬೇಕು. ಆರೂವರೆ ಕೋಲು, ಏಳೂವರೆ ಕೋಲು ಎಂದು ಅದರ ಅಳತೆ. ಮಾಪನವನ್ನು ಒಂದು ಒದ್ದೆ ಬಟ್ಟೆಯಿಂದ ಸಾಧಿಸಿದ ಈ ಉಪಾಯ ಭೌತಶಾಸ್ತ್ರ ಓದಿದವರಿಗೆ ತುಂಬಾ ಇಷ್ಟವಾಗುತ್ತದೆ.

ಮರುದಿನದ ಪತ್ರಿಕೆಯಲ್ಲಿ ಫಲಿತಾಂಶ ನೋಡಿ. ಮೊದಲು ಕೋಣಗಳ ಯಜಮಾನನ ಮನೆ ಮತ್ತು ಹೆಸರು, ಆಮೇಲೆ 'ಓಡಿಸಿದವರು' ಎಂದು ಓಟಗಾರನ ಹೆಸರು. ಶಾಸನಗಳ ಕ್ರಮವೇ ಇದು: ಕೊಟ್ಟವನು ಮುಂದೆ, ದುಡಿದವನು ಹಿಂದೆ.

ಈ ಕ್ರಮವನ್ನು ತಿರುವಿಹಾಕಿದ್ದು ಗಡಿಯಾರ. 2020ರ ಫೆಬ್ರವರಿ 1ರಂದು ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಯಾರೋ ಭಾಗಾಕಾರ ಮಾಡಿ, ನೂರು ಮೀಟರಿಗೆ 9.55 ಸೆಕೆಂಡು, ಉಸೇನ್ ಬೋಲ್ಟ್‌ರ 9.58ಕ್ಕಿಂತ ಕಡಿಮೆ ಎಂದರು. ಸುದ್ದಿ ಜಗತ್ತನ್ನು ಸುತ್ತಿತು. ಕೆಲವೇ ದಿನಗಳಲ್ಲಿ ನಿಶಾಂತ್ ಶೆಟ್ಟಿಯವರು ವೇಣೂರಿನಲ್ಲಿ ಅದಕ್ಕೂ ಕಡಿಮೆ ಸರಾಸರಿಯಲ್ಲಿ ಓಡಿದರು. ಈ ಹೋಲಿಕೆ ನಿಲ್ಲುವುದಿಲ್ಲ. ನಿಂತಲ್ಲಿಂದ ವೇಗ ಪಡೆಯುವಾಗ ಆಗುವ ನಷ್ಟ ಉದ್ದದ ಓಟದಲ್ಲಿ ಹೆಚ್ಚು ಮೀಟರುಗಳಿಗೆ ಹಂಚಿಹೋಗುತ್ತದೆ. ಮೇಲಾಗಿ ಮುಂದೆ ಎರಡು ಕೋಣಗಳು ಎಳೆಯುತ್ತಿರುತ್ತವೆ. ಬೆಂಗಳೂರಿನಲ್ಲಿ ಪರೀಕ್ಷಾ ಓಟಕ್ಕೆ ಕರೆ ಬಂದಾಗ ಗೌಡರೇ ಒಪ್ಪಲಿಲ್ಲ. ಕಂಬಳದಲ್ಲಿ ಹಿಮ್ಮಡಿಗೆ ಕೆಲಸ, ಟ್ರ್ಯಾಕಿನಲ್ಲಿ ಕಾಲ್ಬೆರಳುಗಳಿಗೆ ಎಂದು ಅವರು ಕೊಟ್ಟ ವಿವರಣೆ ಎಷ್ಟೋ ತಜ್ಞರ ಮಾತಿಗಿಂತ ಸ್ಪಷ್ಟವಾಗಿತ್ತು. ಲೆಕ್ಕ ತಪ್ಪಾದರೂ ಒಂದು ಲಾಭವಾಯಿತು. ಕೋಣಗಳ ಯಜಮಾನ ಯಾರೆಂದು ಜಗತ್ತು ಕೇಳಲಿಲ್ಲ, ಓಡಿದವನ ಹೆಸರು ಕೇಳಿತು.

ಅದು ಕೇಳದೆಯೂ ಹೋಗಬಹುದಿತ್ತು. 2016ರ ನವೆಂಬರಿನಲ್ಲಿ ಹೈಕೋರ್ಟು ಕಂಬಳಕ್ಕೆ ತಡೆ ನೀಡಿತ್ತು. 2017ರಲ್ಲಿ ರಾಜ್ಯ ಕಾನೂನು ತಿದ್ದಿತು. 2023ರ ಮೇ 18ರಂದು ಸುಪ್ರೀಂ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಬಾರ್ಕೂರಿನಲ್ಲಿ ಆಟಗಾರರಿಗಾಗಿ ಒಂದು ಕೋಣೆ ಮಾಡುವುದಾದರೆ ಏನಿಡುವಿರಿ? 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಪ್ರಕಾಶ್ ಪಡುಕೋಣೆಯವರ ಹೆಸರಿನಲ್ಲೇ ಕುಂದಾಪುರದ ಆಚೆಯ ಪಡುಕೋಣೆ ಗ್ರಾಮವಿದೆ. ಅವರು ಆಟ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲಿನಲ್ಲಿ. ವಂಡ್ಸೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ತಂದರು; 2022ರಲ್ಲಿ 269 ಕಿಲೋ ಎತ್ತಿದರೂ ಸಿಕ್ಕಿದ್ದು ಕಂಚು. ಇಬ್ಬರಿಗೂ ಕೋಣೆಯಲ್ಲಿ ಜಾಗ ಸಲ್ಲುತ್ತದೆ. ಅವರ ಪಕ್ಕದಲ್ಲಿ ಆ ಒದ್ದೆ ನಿಶಾನೆ ಬಟ್ಟೆಯೂ, ಹಳೆಯ ಫಲಿತಾಂಶಗಳ ಪಟ್ಟಿಯೂ ಇರಲಿ. ಪಟ್ಟಿಯಲ್ಲಿ ಓಡಿಸಿದವರ ಹೆಸರು ಮೊದಲು ಬರಲಿ.

ವಂಡಾರಿನ ಕಂಬಳವನ್ನು ಇದರಲ್ಲಿ ಹೇಗೆ ಸೇರಿಸುವುದೋ ತಿಳಿಯದು. ಬಾರ್ಕೂರಿಗೆ ಹತ್ತಿರದ ಆ ದೊಡ್ಡ ಗದ್ದೆಯದು ಸಾಂಪ್ರದಾಯಿಕ ಕಂಬಳ. ಕೋಣಗಳು ಒಂದೊಂದು ಜೋಡಿಯಾಗಿ ಇಳಿದು ಓಡುತ್ತವೆ. ಅಲ್ಲಿ ಗಡಿಯಾರವಿಲ್ಲ, ಪ್ರಥಮ-ದ್ವಿತೀಯವೂ ಇಲ್ಲ.