ಕನ್ನಡದಲ್ಲಿ ಭವಿಷ್ಯ ಸಮಾಜದ ಕಲ್ಪನೆ

ಮುಂದೆ ಬರಲಿರುವ ಸಮಾಜವನ್ನು ಸುಖರಾಜ್ಯವಾಗಿಯೋ ದಬ್ಬಾಳಿಕೆಯ ರಾಜ್ಯವಾಗಿಯೋ ಕಾಣಿಸುವ ಬರವಣಿಗೆ ಕನ್ನಡದಲ್ಲಿ ವೈಜ್ಞಾನಿಕ ಕಾದಂಬರಿಗಿಂತ ಬಹಳ ಹಳೆಯದು. ಅದರ ಬೇರು ಕಲ್ಯಾಣದಲ್ಲಿದೆ. ಚಾಲುಕ್ಯರ ಕಾಲದಲ್ಲಿ ಕಲ್ಯಾಣವೇ ರಾಜಧಾನಿ. 12ನೆಯ ಶತಮಾನದಲ್ಲಿ, ಅರಸ ಬಿಜ್ಜಳನ ಆಳ್ವಿಕೆಯಲ್ಲಿ, ಶರಣರು ಅಲ್ಲಿ ಜಾತಿಭೇದವಿಲ್ಲದ ಬದುಕು ಕಟ್ಟಹೊರಟರು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾದದ್ದೇ ತಡ, ಪ್ರಭುತ್ವ ಕೆರಳಿತು. ತಂದೆಯರಿಬ್ಬರಿಗೂ ಕಟ್ಟಿ ಎಳೆಸುವ ಎಳೆಹೂಟೆಯ ಶಿಕ್ಷೆಯಾಯಿತೆಂದು ಶರಣ ಪರಂಪರೆ ಹೇಳುತ್ತದೆ. ಶರಣರು ದಿಕ್ಕುಪಾಲಾದರು, ಚನ್ನಬಸವಣ್ಣನವರ ಜೊತೆಗಿದ್ದವರು ಉಳವಿಯ ಕಾಡು ಸೇರಿದರು.

ಆ ಸೋಲನ್ನು ನಾಳಿನ ಭರವಸೆಯಾಗಿ ತಿರುಗಿಸಿದ್ದು ನಂತರದ ಕಾಲಜ್ಞಾನ ಸಾಹಿತ್ಯ. ಬರ, ಯುದ್ಧ, ಅರಸರ ಅನ್ಯಾಯಗಳನ್ನೆಲ್ಲ ದಾಟಿದ ಮೇಲೆ ವೀರವಸಂತರಾಯನೆಂಬ ಅರಸ ಬಂದು ಕಲ್ಯಾಣವನ್ನು ಮತ್ತೆ ಬೆಳಗುತ್ತಾನೆಂಬುದು ಅದರ ನಂಬಿಕೆ. ಯುರೋಪಿನಲ್ಲಿ ಥಾಮಸ್ ಮೋರ್‌ನ ಸುಖದ್ವೀಪವೇ (1516) ಬೇರೆ, ಜಾರ್ಜ್ ಆರ್ವೆಲ್‌ನ ಕಾವಲು ರಾಜ್ಯವೇ (1949) ಬೇರೆ. ಕಾಲಜ್ಞಾನದಲ್ಲಿ ಕೇಡೂ ಒಳಿತೂ ಒಂದೇ ಉಸಿರಿನಲ್ಲಿ ಬರುತ್ತವೆ.

ಅರಸನ ಜಾಗಕ್ಕೆ ವಿಜ್ಞಾನ ಬಂದದ್ದು 20ನೆಯ ಶತಮಾನದಲ್ಲಿ. ಬಂಗಾಳದ ಬೇಗಂ ರುಕೈಯಾ 1905ರಲ್ಲಿ ಇಂಗ್ಲಿಷಿನಲ್ಲಿ ಬರೆದ 'ಸುಲ್ತಾನಾಸ್ ಡ್ರೀಮ್'ನಲ್ಲಿ ಹೆಂಗಸರು ಬಿಸಿಲಿನ ಶಾಖದಿಂದಲೇ ಶತ್ರುಸೈನ್ಯವನ್ನು ಹಿಮ್ಮೆಟ್ಟಿಸಿ ದೇಶ ಆಳುತ್ತಾರೆ. ಕನ್ನಡದಲ್ಲಿ ವೈಜ್ಞಾನಿಕ ಕಾದಂಬರಿಗೆ ಓದುಗರನ್ನು ಗಳಿಸಿಕೊಟ್ಟವರಲ್ಲಿ 'ಮನ್ವಂತರ', 'ಆಪರೇಷನ್ ಯು.ಎಫ್.ಓ.' ಬರೆದ ರಾಜಶೇಖರ ಭೂಸನೂರಮಠ ಪ್ರಮುಖರು.

ಇವೆಲ್ಲಕ್ಕಿಂತ ಆಳಕ್ಕಿಳಿದದ್ದು ಎಸ್.ಎಲ್. ಭೈರಪ್ಪನವರ 'ಯಾನ' (2014).  ಕಾದಂಬರಿಯಲ್ಲಿ ಒಬ್ಬ ಗಂಡು, ಒಬ್ಬ ಹೆಣ್ಣು ಸೌರಮಂಡಲದಾಚೆಗೆ, ಪ್ರಾಕ್ಸಿಮಾ ಸೆಂಟಾರಿಯತ್ತ, ಮರಳಿ ಬಾರದ ಪಯಣ ಹೊರಡುತ್ತಾರೆ. ನೌಕೆಯಲ್ಲೇ ಹುಟ್ಟಿ ಒಡಹುಟ್ಟಿದವರಾಗಿ ಬೆಳೆದ ಆಕಾಶ್, ಮೇದಿನಿಯರೇ ಸಂತಾನ ಮುಂದುವರಿಸಲು ಗಂಡಹೆಂಡಿರಾಗಬೇಕು. ಕಲ್ಯಾಣದಲ್ಲಿ ಪ್ರಭುತ್ವ ಒಂದು ಮದುವೆಯನ್ನು ದಂಡಿಸಿತು. ಇಲ್ಲಿ ಪಯಣದ ಯೋಜನೆಯೇ ಮದುವೆಯನ್ನು ವಿಧಿಸುತ್ತದೆ. ಯಾರು ಯಾರ ಕೈ ಹಿಡಿಯಬಹುದು ಎಂಬುದನ್ನು ನಿರ್ಧರಿಸುವವರು ಯಾರು? ಕನ್ನಡದ ಕಲ್ಪನೆ ಸಮಾಜವನ್ನು ಅಳೆದದ್ದು ಈ ಪ್ರಶ್ನೆಯಿಂದ.

ಆದರೆ 'ಯಾನ'ದ ಲೋಕ ಒಂದು ಕುಟುಂಬದಷ್ಟೇ ಚಿಕ್ಕದು. ದುಡಿಮೆ, ನೀರು, ಜಾತಿ, ಮದುವೆಗಳೆಲ್ಲ ಹೊಸದಾಗಿ ತೀರ್ಮಾನವಾಗುವ ಮುಂದಿನ ಶತಮಾನದ ಒಂದು ಇಡೀ ಕನ್ನಡ ಊರನ್ನು ನಮ್ಮ ಕಾದಂಬರಿಕಾರರು ಇನ್ನಾದರೂ ಕೈಗೆತ್ತಿಕೊಳ್ಳಬೇಕು.